ಇಸವಿ ಮೇಷ್ಟ್ರೂ ಇನ್ನೂರು ಸುತ್ತಿನ ಸುರುಳಿಯೂ

ಇಸವಿ ಮೇಷ್ಟ್ರ ಗ್ರಹಚಾರ ಕೆಟ್ಟದ್ದು ಒಂದು ಹಳೆಯ ಲಕೋಟೆಯ ಬೆನ್ನಿನಿಂದ.

ಬೆಳಿಗ್ಗೆ ಒಂಬತ್ತೂವರೆಗೆ ಇಲಾಖೆಯಿಂದ ಕಾಲೇಜಿನ ಆಫೀಸಿಗೆ ಫೋನು ಬಂತು. ಹೆಡ್ ಗುಮಾಸ್ತರು ಕೈಗೆ ಸಿಕ್ಕ ಲಕೋಟೆಯನ್ನು ಮಗುಚಿ, ಅದರ ಬೆನ್ನ ಮೇಲೆ ಬರೆದುಕೊಂಡದ್ದು ಇಷ್ಟು: ‘ಇವತ್ತು ಎರಡೂವರೆ. ಸಾಹೇಬರು ಬರುತ್ತಾರೆ. ಹೆಚ್ಚುವರಿ ಉಪನ್ಯಾಸಕರಿದ್ದರೆ ಗುರುತಿಸಿ ಬೇರೆ ಕಡೆಗೆ ಹಾಕುವುದು.’ ಫೋನಿನ ಆ ತುದಿಯಲ್ಲಿದ್ದವರು ಇನ್ನೂ ಏನೋ ಹೇಳುತ್ತಲೇ ಇದ್ದರು. ಆದರೆ ಲಕೋಟೆಯಲ್ಲಿ ಜಾಗ ಮುಗಿದಿತ್ತು. ಹೆಡ್ ಗುಮಾಸ್ತರು “ಆಯ್ತು ಸಾರ್” ಎಂದು ಫೋನ್ ಇಟ್ಟುಬಿಟ್ಟರು.

ಹತ್ತು ಗಂಟೆಯೊಳಗೆ ಲಕೋಟೆ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ಹೆಚ್ಚುವರಿ ಎಂದರೆ ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೇ ಕತ್ತು ತಿರುಗಿಸಿ ಕಿಟಕಿ ಪಕ್ಕದ ಕುರ್ಚಿಯತ್ತ ನೋಡಿದರು. ಅಲ್ಲಿ ಇತಿಹಾಸದ ಮೇಷ್ಟ್ರು ಕೂತು ಪೆನ್ಸಿಲ್ ಹೆರೆಯುತ್ತಿದ್ದರು.

ಇಸವಿ ಮೇಷ್ಟ್ರು ಎಂಬುದು ಮಕ್ಕಳಿಟ್ಟ ಹೆಸರು. ಅವರ ಬಾಯಿಂದ ಇಸವಿ ಇಲ್ಲದ ವಾಕ್ಯವೇ ಹೊರಡುತ್ತಿರಲಿಲ್ಲ. ಚಪ್ಪಲಿ ಕಿತ್ತುಹೋದರೂ ಅದನ್ನು ಕೊಂಡ ಇಸವಿ, ತಿಂಗಳು, ವಾರ ಹೇಳಿಯೇ ಅವರು ಚಮ್ಮಾರನ ಹತ್ತಿರ ಹೋಗುತ್ತಿದ್ದುದು. ಅವರ ತರಗತಿಯಲ್ಲಿದ್ದವರು ನಾಲ್ಕು ಜನ. ಒಬ್ಬಳು ನಿದ್ದೆ ಮಾಡುತ್ತಿದ್ದಳು. ಇನ್ನೊಬ್ಬಳು ಆ ನಿದ್ದೆಗೆ ಕಾವಲಿರುತ್ತಿದ್ದಳು. ಮೂರನೆಯವನು ಅರ್ಜಿ ತುಂಬುವಾಗ ತಪ್ಪಿ ಇತಿಹಾಸಕ್ಕೆ ಗುರುತು ಹಾಕಿದವನು. ನಾಲ್ಕನೆಯವನು ಸೋಮವಾರ ಮಾತ್ರ ಬರುತ್ತಿದ್ದ. ಯಾಕೆ ಎಂದು ಕೇಳಿದರೆ ಎಲ್ಲಿ ಅದೂ ನಿಂತುಹೋದೀತೋ ಎಂದು ಮೇಷ್ಟ್ರು ಕೇಳುವ ಗೋಜಿಗೆ ಹೋಗಿರಲಿಲ್ಲ.

“ಪಾಪ” ಎಂದರು ಗಣಿತದ ಮೇಡಂ, ಬದುಕಿರುವವರ ಬಗ್ಗೆ ಆಡಬಾರದ ದನಿಯಲ್ಲಿ.

ಮೇಷ್ಟ್ರು ಲಕೋಟೆಯನ್ನು ಓದಿದರು. ಇನ್ನೊಮ್ಮೆ ಓದಿದರು. ಕೈಯಲ್ಲಿದ್ದ ಪೆನ್ಸಿಲ್ಲಿನ ಮೊನೆ ಮುರಿಯಿತು.

ಅವರಿಗೆ ಊರೂರು ತಿರುಗಿ ಅಭ್ಯಾಸವಿಲ್ಲ ಎಂದಲ್ಲ. ತಿರುಗಿ ತಿರುಗಿಯೇ ಸಾಕಾಗಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಮದುವೆಯಾದ ಹನ್ನೊಂದು ವರ್ಷ ಅವಳೊಂದು ಊರು, ಇವರೊಂದು ಊರು. ಅರ್ಜಿಯ ಮೇಲೆ ಅರ್ಜಿ ಹಾಕಿ, ಕಂಡಕಂಡವರ ಕಾಲು ಹಿಡಿದು, ಹೋದ ವರ್ಷವಷ್ಟೇ ಇಬ್ಬರೂ ಒಂದೇ ಊರು ಸೇರಿದ್ದರು. ಈಗ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ತಿಂಡಿ ತಿನ್ನುತ್ತಿದ್ದರು. ಅವಳು ತನ್ನ ತಟ್ಟೆಯಿಂದ ಒಂದು ತುತ್ತು ಇವರ ತಟ್ಟೆಗೆ ದೂಡುತ್ತಿದ್ದಳು, ಇವರು ಬೇಡ ಬೇಡ ಎನ್ನುತ್ತಲೇ ತಿನ್ನುತ್ತಿದ್ದರು. ನಲವತ್ತಮೂರನೆಯ ವಯಸ್ಸಿಗೆ ಸಂಸಾರ ಶುರುವಾಗಿದೆ ಎಂದು ಮೇಷ್ಟ್ರಿಗೆ ಒಳಗೊಳಗೇ ಸಂತೋಷ. ಅದನ್ನು ಬಿಟ್ಟು ಹೋಗುವುದು ಅವರಿಂದ ಆಗದ ಮಾತು.

“ಹೆದರಬೇಡಿ ಮೇಷ್ಟ್ರೇ” ಎನ್ನುತ್ತ ಪ್ರಿನ್ಸಿಪಾಲರು ಒಳಗೆ ಬಂದರು. ಅವರು ಒಂದು ಕಾಲದಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು. ಈಗ ಕುರ್ಚಿಯಲ್ಲಿ ಬೇರು ಬಿಟ್ಟಿದ್ದರು. “ನನ್ನ ಹತ್ರ ಒಂದು ಉಪಾಯ ಇದೆ. ಭೌತಶಾಸ್ತ್ರಕ್ಕೆ ಎಷ್ಟು ಮಕ್ಕಳು?”

“ತೊಂಬತ್ತು” ಎಂದರು ಹೆಡ್ ಗುಮಾಸ್ತರು.

“ಮೇಷ್ಟ್ರು ಎಷ್ಟು ಜನ?”

“ಒಬ್ರೇ. ಅವರೂ ಇವತ್ತು ರಜೆ. ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದಾರೆ.”

“ತೊಂಬತ್ತು ಮಕ್ಕಳಿಗೆ ಇಬ್ಬರು ಇದ್ರೆ ಯಾರಾದ್ರೂ ಹೆಚ್ಚುವರಿ ಅಂತಾರೇನ್ರೀ? ಇವರನ್ನ ಭೌತಶಾಸ್ತ್ರಕ್ಕೆ ಹಾಕಿ. ಹೊಸ ಪಟ್ಟಿ ಬರೀರಿ. ಇತಿಹಾಸದ ಎದುರಿಗೆ ‘ರಜೆಯಲ್ಲಿದ್ದಾರೆ’ ಅಂತ ಬರೀರಿ. ಇಲ್ಲದವರನ್ನ ಸಾಹೇಬ್ರು ಹೇಗೆ ಎತ್ತಿ ಹಾಕ್ತಾರೆ?”

ಸ್ಟಾಫ್ ರೂಮು ತಲೆದೂಗಿತು. ಇಂಥ ಬುದ್ಧಿ ಇರುವುದಕ್ಕೇ ಅವರು ಪ್ರಿನ್ಸಿಪಾಲರು ಎಂದು ಹೆಡ್ ಗುಮಾಸ್ತರು ಅವರಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು.

“ಸಾರ್, ನಾನು ಭೌತಶಾಸ್ತ್ರ ಹೇಗೆ...” ಎಂದು ಮೇಷ್ಟ್ರು ತೊದಲಿದರು.

“ಒಂದು ಗಂಟೆ ಕಾಲ ಹೇಳಿದ್ರೆ ಸಾಕು. ಸಾಹೇಬ್ರು ತರಗತಿಗೆ ಬಂದು ಹಿಂದೆ ಕೂತ್ಕೋತಾರಂತೆ. ನೀವು ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿ. ಮುಗೀತು.”

“ಯಾವ ಪಾಠ?”

ಹೆಡ್ ಗುಮಾಸ್ತರು ಪಾಠದ ಡೈರಿ ತಿರುವಿದರು. “ವಿದ್ಯುತ್ಕಾಂತೀಯ ಪ್ರೇರಣೆ.”

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು. ಆ ಪದವನ್ನು ಅವರು ಕೊನೆಯ ಸಲ ಕೇಳಿದ್ದು ಯಾವ ಇಸವಿಯಲ್ಲಿ ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಇಸವಿಯಲ್ಲೇ ಅವರು ಭೌತಶಾಸ್ತ್ರದಲ್ಲಿ ಫೇಲಾಗಿದ್ದರು.

ಹನ್ನೊಂದು ಗಂಟೆಗೆ ಪಾಠ ಶುರುವಾಯಿತು. ಗುರು ಗಣಿತದ ಮೇಡಂ, ಶಿಷ್ಯ ಇಸವಿ ಮೇಷ್ಟ್ರು. ಉಳಿದವರೆಲ್ಲ ಸಲಹೆಗಾರರು.

“ಲೆಕ್ಕ ಇದು” ಎಂದು ಮೇಡಂ ಪುಸ್ತಕ ಬಿಡಿಸಿದರು. “ಇನ್ನೂರು ಸುತ್ತಿನ ಒಂದು ತಂತಿ ಸುರುಳಿ ಇದೆ. ಅದರೊಳಗೆ ಹಾದುಹೋಗೋ ಕಾಂತಬಲಕ್ಕೆ ಫ್ಲಕ್ಸ್ ಅಂತಾರೆ. ಅದನ್ನ ವೆಬರ್‌ನಲ್ಲಿ ಅಳೀತಾರೆ. ಫ್ಲಕ್ಸ್ ಮೊದಲು 0.06 ಇತ್ತು. 0.4 ಸೆಕೆಂಡಲ್ಲಿ 0.02ಕ್ಕೆ ಇಳೀತು. ಸುರುಳಿಯಲ್ಲಿ ಎಷ್ಟು ವೋಲ್ಟ್ ಹುಟ್ಟುತ್ತೆ?”

“ಯಾಕೆ ಇಳೀತು?” ಎಂದು ಮೇಷ್ಟ್ರು ಕೇಳಿದರು.

“ಯಾಕೆ ಅಂದ್ರೆ? ಇಳೀತು ಅಷ್ಟೇ.”

“ಕಾರಣ ಇರಬೇಕಲ್ಲ ಮೇಡಂ? ಒಂದು ರಾಜ್ಯ ಸುಮ್ಮಸುಮ್ಮನೆ ಇಳಿಯಲ್ಲ. ಬರಗಾಲ ಬರಬೇಕು, ಅಳಿಯ ತಿರುಗಿ ಬೀಳಬೇಕು...”

“ಇಲ್ಲಿ ಅಳಿಯ ಇಲ್ಲ ಮೇಷ್ಟ್ರೇ!” ಮೇಡಂ ಸೂತ್ರ ಬರೆದರು. “ಮೈನಸ್ ಹಾಕಿ. ಸುತ್ತುಗಳ ಸಂಖ್ಯೆ ಹಾಕಿ. ಕೊನೆಯ ಫ್ಲಕ್ಸಿಂದ ಮೊದಲಿನದನ್ನ ಕಳೆದು ಗುಣಿಸಿ. ಕಾಲದಿಂದ ಭಾಗಿಸಿ. ಮೈನಸ್ ಇನ್ನೂರು, ಗುಣಿಸು ಮೈನಸ್ 0.04, ಭಾಗಿಸು 0.4. ಮೈನಸ್ಸೂ ಮೈನಸ್ಸೂ ಹೊಡೆದುಹೋಯ್ತು. ಇಪ್ಪತ್ತು ವೋಲ್ಟ್.”

ಪ್ರಿನ್ಸಿಪಾಲರು ಬಗ್ಗಿ ನೋಡಿದರು. “ಹೇಗೂ ಹೊಡೆದುಹೋಗತ್ತೆ ಅಂದಮೇಲೆ ಎರಡು ಮೈನಸ್ಸೂ ಮೊದಲೇ ಬಿಟ್ಟುಬಿಡಿ. ಸಾಹೇಬ್ರ ಎದುರಿಗೆ ಮೈನಸ್ ಯಾಕೆ? ಕಾಲೇಜಿನಲ್ಲಿ ಏನೋ ಕೊರತೆ ಇದ್ದ ಹಾಗೆ ಕಾಣತ್ತೆ.”

“ನಾನೂ ಅದನ್ನೇ ಹೇಳೋಣ ಅಂತಿದ್ದೆ” ಎಂದರು ಹೆಡ್ ಗುಮಾಸ್ತರು.

ಗಣಿತದ ಮೇಡಂ ಕೈಯಲ್ಲಿದ್ದ ಚಾಕ್ ಮುರಿದುಹಾಕಿದರು. ಮೈನಸ್ ಬಿಡುವುದೂ ಒಂದೇ, ಸುಳ್ಳು ಸಾಕ್ಷಿ ಹೇಳುವುದೂ ಒಂದೇ ಎಂದರು. ಮೈನಸ್ ಇರದಿದ್ದರೆ ಪ್ರಪಂಚ ನಡೆಯುವುದಿಲ್ಲವೇ ಎಂದು ಪ್ರಿನ್ಸಿಪಾಲರು ಕೇಳಿದರು. ನಡೆಯುವುದಿಲ್ಲ ಎಂದರು ಮೇಡಂ. ಮೂವತ್ತು ವರ್ಷ ಸಸ್ಯಶಾಸ್ತ್ರ ಹೇಳಿದ್ದೇನೆ, ಒಂದು ಎಲೆಯಲ್ಲೂ ಮೈನಸ್ ಕಂಡಿಲ್ಲ ಎಂದರು ಪ್ರಿನ್ಸಿಪಾಲರು. ಮಾತಿಗೆ ಮಾತು ಬೆಳೆದು, ಕೊನೆಗೆ ಭೌತಶಾಸ್ತ್ರದವರನ್ನೇ ಕೇಳಿಬಿಡೋಣ ಎಂದು ತೀರ್ಮಾನವಾಯಿತು.

ಫೋನ್ ಎತ್ತಿಕೊಂಡ ಭೌತಶಾಸ್ತ್ರದವರ ಬಾಯಲ್ಲಿ ಹಲ್ಲಿರಬೇಕಾದ ಜಾಗದಲ್ಲಿ ಹತ್ತಿ ಇತ್ತು.

“ಹ್ಞೂಂ” ಎಂದರು ಅವರು.

“ಸಾರ್, ಹೌದು ಅಂದ್ರೆ ಒಂದು ಹ್ಞೂಂ, ಇಲ್ಲ ಅಂದ್ರೆ ಎರಡು ಹ್ಞೂಂ” ಎಂದು ಹೆಡ್ ಗುಮಾಸ್ತರು ಶರತ್ತು ಹಾಕಿದರು. “ಪ್ರೇರಣೆ ಸೂತ್ರದಲ್ಲಿ ಮೈನಸ್ ಬಿಡಬಹುದಾ?”

“ಹ್ಞೂಂ. ಹ್ಞೂಂ.”

“ಹಾಗಾದ್ರೆ ಬರೀಲೇಬೇಕಾ?”

“ಹ್ಞೂಂ.”

“ಯಾಕೆ?”

ಆ ತುದಿಯಿಂದ ಏಳೆಂಟು ಹ್ಞೂಂಗಳು ಏರುತ್ತ ಇಳಿಯುತ್ತ ಬಂದವು. ಕೊನೆಯದು ಗೋಳಾಟದಂತಿತ್ತು. ಹೆಡ್ ಗುಮಾಸ್ತರು ಬೆರಳು ಮಡಚಿ ಎಣಿಸುತ್ತಿದ್ದವರು ಲೆಕ್ಕ ತಪ್ಪಿದರು. ಅಷ್ಟರಲ್ಲಿ ಫೋನು ಹೆಂಗಸೊಬ್ಬರ ಕೈಗೆ ಹೋಯಿತು.

“ನಾನು ಅವರ ಮನೆಯವಳು. ನಿಮಗೆಲ್ಲ ಏನಾಗಿದೆ? ಇವರು ಕ್ಯಾಲೆಂಡರ್ ಹಿಂದೆ ದೊಡ್ಡ ಗೆರೆ ಎಳೆದು, ಅದಕ್ಕೆ ಎರಡು ಸಲ ಸುತ್ತು ಹಾಕಿ, ನನಗೆ ತೋರಿಸ್ತಿದ್ದಾರೆ. ಗೆರೆ ಬೇಕಂತೆ. ಬಾಯಿಂದ ಹತ್ತಿ ಬಿತ್ತು. ಇನ್ನೊಂದು ಸಲ ಫೋನ್ ಮಾಡಿದ್ರೆ ಉಳಿದ ಹಲ್ಲೆಲ್ಲ ಕಾಲೇಜಿಗೇ ಕಳಿಸ್ತೀನಿ.”

ಮೈನಸ್ ಉಳಿಯಿತು. ಅದು ಯಾಕೆ ಎಂಬುದು ಮಾತ್ರ ಆ ಏಳೆಂಟು ಹ್ಞೂಂಗಳಲ್ಲೇ ಉಳಿದುಹೋಯಿತು.

ಹನ್ನೆರಡೂವರೆ ಹೊತ್ತಿಗೆ ಮೇಷ್ಟ್ರು ಲೆಕ್ಕವನ್ನು ಹದಿನಾಲ್ಕು ಸಲ ಮಾಡಿದ್ದರು, ಹದಿನಾಲ್ಕು ಉತ್ತರ ಬಂದಿದ್ದವು. ಒಂದು ಸಲ ಎರಡು ವೋಲ್ಟ್, ಒಂದು ಸಲ ಎರಡು ಸಾವಿರ. ದಶಮಾಂಶದ ಚುಕ್ಕಿ ಅವರ ಕೈಯಲ್ಲಿ ಚಿಗಟದ ಹಾಗೆ ಹಾರಾಡುತ್ತಿತ್ತು. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು.

ಆಗ ಮೇಷ್ಟ್ರಿಗೆ ತಮ್ಮದೇ ವಿದ್ಯೆ ನೆನಪಾಯಿತು. ಅಂಕಿಗಳನ್ನು ಅಂಕಿಗಳಾಗಿ ನೆನಪಿಡಲು ಅವರಿಗೆ ಬರುತ್ತಿರಲಿಲ್ಲ, ಆದರೆ ಕತೆಯಾಗಿ ಹೇಳಿದರೆ ಒಂದು ಅಂಕಿಯೂ ಮರೆಯುತ್ತಿರಲಿಲ್ಲ. ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಗೊಣಗತೊಡಗಿದರು: “ಇನ್ನೂರು ಸುತ್ತಿನ ಕೋಟೆ. ಆರನೇ ದೊರೆ ಇಳಿದ, ಎರಡನೇ ದೊರೆ ಏರಿದ. ನಡುವೆ ನಾಲ್ಕು ತಿಂಗಳು ಗಲಭೆ. ಕೊನೆಗೆ ಇಪ್ಪತ್ತು ಕಲಮಿನ ಒಪ್ಪಂದ.” ಕಣ್ಣು ತೆರೆದು ಬೋರ್ಡಿನ ಮೇಲೆ ಬರೆದರು. ಸರಿಯಾಗಿತ್ತು. ಮತ್ತೆ ಬರೆದರು. ಮತ್ತೂ ಸರಿಯಾಗಿತ್ತು.

“ಆರನೇ ದೊರೆ ಆದಮೇಲೆ ಎರಡನೇ ದೊರೆ ಹೇಗ್ರೀ ಬರ್ತಾನೆ?” ಎಂದರು ಪ್ರಿನ್ಸಿಪಾಲರು.

“ಸಾರ್, ದಯವಿಟ್ಟು ಅವರನ್ನ ಮುಟ್ಟಬೇಡಿ” ಎಂದು ಮೇಡಂ ಕೈ ಮುಗಿದರು.

ಊಟದ ಹೊತ್ತಿಗೆ ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿ ವಿಷಯ ಹೇಳಿದರು. ಅವಳು ವಾರ್ಡಿನ ಗದ್ದಲದ ನಡುವೆ ಎಲ್ಲ ಕೇಳಿಸಿಕೊಂಡಳು.

“ರೀ, ಮನೇಲಿ ಬಲ್ಬ್ ಹೋದ್ರೆ ಕುರ್ಚಿ ಮೇಲೆ ಹತ್ತೋಳು ನಾನು. ನೀವು ಕರೆಂಟಿನ ಪಾಠ ಮಾಡ್ತೀರಾ?”

“ಬೇರೆ ದಾರಿ ಇಲ್ಲ ಕಣೇ.”

“ಹೇಗಾದ್ರೂ ಮಾಡಿ. ಮತ್ತೆ ಒಬ್ಬಳೇ ಕೂತು ತಿನ್ನೋಕೆ ನನ್ನಿಂದ ಆಗಲ್ಲ” ಎಂದಳು. ಆ ಮಾತಿಗಾಗಿ ಅವರು ಇಡೀ ಭೌತಶಾಸ್ತ್ರವನ್ನೇ ಬಾಯಿಪಾಠ ಮಾಡಲು ತಯಾರಿದ್ದರು.

ಎರಡು ಗಂಟೆಗೆ ಪ್ರಯೋಗಶಾಲೆಯ ಅಟೆಂಡರ್ ಸುರುಳಿ, ಕಾಂತ ಮತ್ತು ಕರೆಂಟು ತೋರಿಸುವ ಮುಳ್ಳಿನ ಗ್ಯಾಲ್ವನೋಮೀಟರ್ ತಂದು ತರಗತಿಯ ಮೇಜಿನ ಮೇಲೆ ಜೋಡಿಸಿದ. ನಿವೃತ್ತಿಗೆ ಇನ್ನೊಂದು ವರ್ಷವಿದ್ದ ಆತ ಕಾಲೇಜಿನಲ್ಲಿ ಎಲ್ಲರಿಗಿಂತ ಹಳಬ.

“ಮೇಷ್ಟ್ರೇ, ಒಂದು ವಿಷಯ ಗೊತ್ತಿರಲಿ” ಎಂದು ಆತ ದನಿ ತಗ್ಗಿಸಿದ. “ಕಾಂತಾನ ಸುರುಳಿಯೊಳಗೆ ತಳ್ಳಿದ್ರೆ ಈ ಮುಳ್ಳು ಅಲುಗಾಡಬೇಕು. ಆದ್ರೆ ಇದು ಅಲುಗಾಡಿ ಎಂಟು ವರ್ಷ ಆಯ್ತು.”

“ಅಯ್ಯೋ! ಹಾಗಾದ್ರೆ ಪರೀಕ್ಷೆಲಿ ಮಕ್ಕಳು ಏನು ಮಾಡ್ತಾರೆ?”

“ಅವರು ಕಾಂತ ತಳ್ಳಿದಾಗ ನಾನು ಮೇಜಿನ ಕಾಲು ಒದೀತೀನಿ. ಮುಳ್ಳು ಅಲುಗಾಡತ್ತೆ. ಅವರು ಬರ್ಕೋತಾರೆ. ಮೆಲ್ಲಗೆ ತಳ್ಳಿದ್ರೆ ಮೆಲ್ಲಗೆ ಒದೀತೀನಿ, ಜೋರಾಗಿ ತಳ್ಳಿದ್ರೆ ಜೋರಾಗಿ. ಇಲ್ಲೀವರೆಗೂ ಒಬ್ಬರೂ ಫೇಲಾಗಿಲ್ಲ. ನೀವು ಕಾಂತದ ಮೇಲೆ ಗಮನ ಇಡಿ, ಪ್ರೇರಣೆ ನನಗೆ ಬಿಡಿ.”

ಎರಡೂವರೆಗೆ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಕಂಕುಳಲ್ಲಿ ಚಿಕ್ಕದೊಂದು ನೋಟ್‌ಬುಕ್ಕು. ನಗುವುದಕ್ಕೂ ಇಲಾಖೆಯ ಅನುಮತಿ ಬೇಕು ಎನ್ನುವಂಥ ಮುಖ. ತೊಂಬತ್ತು ಮಕ್ಕಳ ಹಿಂದೆ ಕೊನೆಯ ಬೆಂಚಿನಲ್ಲಿ ಹೋಗಿ ಕೂತರು. ಇಸವಿ ಮೇಷ್ಟ್ರು ವೇದಿಕೆ ಹತ್ತಿದ್ದನ್ನು ನೋಡಿ ಮಕ್ಕಳು ಬಾಯಿ ತೆರೆದರು. ಬಾಗಿಲಲ್ಲಿ ನಿಂತಿದ್ದ ಗಣಿತದ ಮೇಡಂ ಕಣ್ಣು ಬಿಟ್ಟರು. ತೆರೆದ ಬಾಯಿಗಳೆಲ್ಲ ಮತ್ತೆ ಮುಚ್ಚಿಕೊಂಡವು.

ಮೇಷ್ಟ್ರು ಲೆಕ್ಕ ಬರೆದರು. ಇನ್ನೂರು ಸುತ್ತಿನ ಕೋಟೆ, ಆರನೇ ದೊರೆ, ಎರಡನೇ ದೊರೆ, ನಾಲ್ಕು ತಿಂಗಳ ಗಲಭೆ. ಚುಕ್ಕಿಗಳೆಲ್ಲ ಹೇಳಿದ ಕಡೆ ಕೂತವು. ‘ಇಪ್ಪತ್ತು ವೋಲ್ಟ್’ ಎಂದು ಬರೆದು ಅಡಿಗೆರೆ ಎಳೆದು ಚಾಕ್ ಕೆಳಗಿಟ್ಟರು. ಒಟ್ಟು ನಾಲ್ಕು ನಿಮಿಷ ಹಿಡಿದಿತ್ತು. ಇನ್ನು ಐವತ್ತಾರು ನಿಮಿಷ ಏನು ಮಾಡುವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಒಂದು ಪ್ರಶ್ನೆ” ಎಂದು ಹಿಂದಿನಿಂದ ದನಿ ಬಂತು. ಸಾಹೇಬರು ಎದ್ದು ನಿಂತಿದ್ದರು. “ಆ ಮೈನಸ್ ಯಾಕೆ?”

ಬಾಗಿಲಲ್ಲಿದ್ದ ಪ್ರಿನ್ಸಿಪಾಲರು ಮೇಡಂ ಕಡೆ ತಿರುಗಿ “ನಾನು ಆಗಲೇ ಹೇಳಿದೆ” ಎಂಬಂತೆ ನೋಡಿದರು. ಮೇಷ್ಟ್ರ ಕಣ್ಣ ಮುಂದೆ ಹೆಂಡತಿಯ ತಟ್ಟೆ ಬಂತು. ಬಾಯಿ ತಾನಾಗಿಯೇ ಇತಿಹಾಸಕ್ಕೆ ತಿರುಗಿತು.

“ಸಾರ್, ಈ ಸುರುಳಿ ಅಂದ್ರೆ ಒಂದು ಊರು. ಕಾಂತ ಅಂದ್ರೆ ದಂಡೆತ್ತಿ ಬಂದ ಸೈನ್ಯ. ಸೈನ್ಯ ಹತ್ತಿರ ಬಂತು ಅಂದಕೂಡಲೇ ಊರಿನವರು ಏನ್ ಮಾಡ್ತಾರೆ? ಬಾಗಿಲು ಹಾಕಿ ಕಲ್ಲು ಹೊಡೀತಾರೆ. ಸುರುಳಿನೂ ಅಷ್ಟೇ, ಕಾಂತಾನ ಹೊರಕ್ಕೆ ತಳ್ಳತ್ತೆ. ಆದ್ರೂ ಸೈನ್ಯ ಒಳಗೆ ಬಂತು ಅಂತಿಟ್ಕೊಳ್ಳಿ. ಇಪ್ಪತ್ತು ವರ್ಷ ಅಲ್ಲೇ ಉಳೀತು. ಊರಿನವರು ಒಗ್ಗಿಹೋದ್ರು, ಹೆಣ್ಣು ಕೊಟ್ರು, ತಂದ್ರು. ಈಗ ಸೈನ್ಯ ಹೊರಟು ನಿಂತ್ರೆ ಅದೇ ಊರಿನವರು ಅಡ್ಡ ಬಿದ್ದು ಅಳ್ತಾರೆ. ಸುರುಳಿನೂ ಹೊರಟ ಕಾಂತಾನ ಒಳಕ್ಕೆ ಎಳ್ಕೊಳ್ಳತ್ತೆ. ಬರೋದೂ ಬೇಡ, ಹೋಗೋದೂ ಬೇಡ. ಇದ್ದದ್ದು ಇದ್ದಹಾಗೇ ಇರಬೇಕು ಅನ್ನೋ ಹಟ. ಆ ಹಟಕ್ಕೆ ಹಾಕಿರೋ ಗುರುತು ಸಾರ್ ಈ ಮೈನಸ್ಸು.”

ಮುಂದಿನ ಬೆಂಚಿನ ಹುಡುಗಿಯೊಬ್ಬಳು “ಓ, ಅದಾ!” ಎಂದು ಜೋರಾಗಿಯೇ ಅಂದಳು. ವರ್ಷವಿಡೀ ತಲೆಗೆ ಹತ್ತದ್ದು ಈಗ ಹತ್ತಿತ್ತು. ಗಣಿತದ ಮೇಡಂ ಹುಬ್ಬೇರಿಸಿದರು, ಏಕೆಂದರೆ ಹೇಳಿದ್ದು ಸರಿಯಾಗಿತ್ತು.

“ಫ್ಲಕ್ಸ್ 0.06ರಲ್ಲೇ ನಿಂತುಬಿಟ್ರೆ?” ಎಂದರು ಸಾಹೇಬರು. ಅವರ ಕನ್ನಡಕ ಮೂಗಿನ ಮೇಲಕ್ಕೆ ಏರಿತ್ತು.

“ಸೊನ್ನೆ ಸಾರ್. ಏನೂ ಬದಲಾಗದ ಕಾಲದಲ್ಲಿ ಬರೆಯೋಕೆ ಏನಿರತ್ತೆ? ದೊರೆ ಎದ್ದ, ಉಂಡ, ಮಲಗಿದ. ನೋಡಿ, ಈಗ ಕಾಂತಾನ ಸುರುಳಿಯೊಳಗೆ ಅಲುಗಾಡದೆ ಇಡ್ತೀನಿ. ಮುಳ್ಳು ಸೊನ್ನೇಲೇ ಇರತ್ತೆ.”

ಮೇಜಿನ ಪಕ್ಕ ನಿಂತಿದ್ದ ಅಟೆಂಡರ್ ಊಟದ ನಂತರದ ಜೊಂಪಿನಲ್ಲಿದ್ದ. ‘ಕಾಂತಾನ ಸುರುಳಿಯೊಳಗೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಎಂಟು ವರ್ಷದ ಅಭ್ಯಾಸಬಲದಿಂದ ಕಾಲು ಎತ್ತಿ ಬಲವಾಗಿ ಒದ್ದ. ಮುಳ್ಳು ಎಡಕ್ಕೆ ಹೋಗಿ, ಬಲಕ್ಕೆ ಬಂದು, ಮತ್ತೆ ಎಡಕ್ಕೆ ಹೋಯಿತು. ತೊಂಬತ್ತು ಮಕ್ಕಳು ನೋಡಿದರು. ಸಾಹೇಬರು ಮೇಜಿನ ಹತ್ತಿರವೇ ಬಂದು ನೋಡಿದರು.

“ಅಲುಗಾಡ್ತಲ್ಲ?”

ಮೇಷ್ಟ್ರು ಕಾಂತವನ್ನು ಹಿಡಿದುಕೊಂಡು ಕಲ್ಲಾದರು. ಹೆಂಡತಿ, ತಟ್ಟೆ, ತುತ್ತು ಎಲ್ಲ ಒಂದು ಕ್ಷಣ ಕೈಬಿಟ್ಟಂತಾಯಿತು. ಆಮೇಲೆ ನಿಧಾನವಾಗಿ ನಕ್ಕರು. ಅಂಥ ನಗು ಅವರಲ್ಲಿದೆ ಎಂದು ಅವರಿಗೇ ಗೊತ್ತಿರಲಿಲ್ಲ.

“ಅಲುಗಾಡಿತು ಸಾರ್. ಬೇಕಂತಲೇ ತೋರಿಸಿದೆ. ಸೈನ್ಯ ಸುಮ್ಮನೆ ಕೂತಿದ್ರೂ ಊರಲ್ಲಿ ಗಾಳಿಸುದ್ದಿ ಹಬ್ಬಲ್ವಾ? ಯಾರೋ ಒಬ್ಬ ಬಾಗಿಲು ಒದ್ದ, ಊರೆಲ್ಲ ಗಾಬರಿ ಬಿತ್ತು. ಇತಿಹಾಸ ಬರೆಯೋನು ಅದನ್ನೇ ನಂಬಿ ಯುದ್ಧ ಆಯ್ತು ಅಂತ ಬರೆದ್ರೆ ಕೆಟ್ಟ. ಅದಕ್ಕೇ ಮಕ್ಕಳೇ, ಒಂದು ಸಲ ನೋಡಿ ಬರ್ಕೋಬಾರದು. ಮೂರು ಸಲ ನೋಡಬೇಕು. ಈಗ ಮತ್ತೆ ನೋಡಿ.”

ಅಟೆಂಡರ್‌ಗೆ ಅಷ್ಟರಲ್ಲಿ ಎಚ್ಚರವಾಗಿತ್ತು. ಎರಡೂ ಕಾಲು ಜೋಡಿಸಿ ನೆಟ್ಟ ಕಂಬದಂತೆ ನಿಂತ. ಮುಳ್ಳು ಸೊನ್ನೆಯಲ್ಲಿ ನಿಂತಿತು. ಮೂರನೆಯ ಸಲವೂ ಅಲ್ಲೇ ನಿಂತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು. ಗಂಟೆ ಬಾರಿಸಿದಾಗ ಯಾರೂ ಏಳಲಿಲ್ಲ, ಮೇಷ್ಟ್ರೇ ಮೊದಲು ಹೊರಗೆ ಓಡಿಬಂದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರ ಮುಖ ಗೆದ್ದು ಬಂದವರ ಹಾಗೆ ಹೊಳೆಯುತ್ತಿತ್ತು. ಹೆಡ್ ಗುಮಾಸ್ತರು ಚಹಾ ತರಿಸಿದರು. ಸಾಹೇಬರು ಹೊಸ ಪಟ್ಟಿಯನ್ನು ಬೆರಳಿಟ್ಟು ಓದುತ್ತ ಹೋದರು.

“ನಿನ್ನೆ ಒಂದು ಕಾಲೇಜಿನಲ್ಲಿ ಸುಳ್ಳು ಪಟ್ಟಿ ಕೊಟ್ಟಿದ್ರು” ಎಂದರು, ಚಹಾ ಹೀರುತ್ತ. “ಪ್ರಿನ್ಸಿಪಾಲ್, ಗುಮಾಸ್ತ, ಆ ಮೇಷ್ಟ್ರು, ಮೂವರನ್ನೂ ಸಸ್ಪೆಂಡ್ ಮಾಡಿ ಬಂದೆ. ಇಲ್ಲಿ ಎಲ್ಲ ಅಚ್ಚುಕಟ್ಟಾಗಿದೆ.”

ಪ್ರಿನ್ಸಿಪಾಲರ ಚಹಾ ತಟ್ಟೆಗೆ ಚೆಲ್ಲಿತು. ಹೆಡ್ ಗುಮಾಸ್ತರು ಗೋಡೆಗೆ ಒರಗಿದರು.

“ಇತಿಹಾಸದವರು ರಜೆ ಅಂತ ಇದೆ. ಛೆ! ಅವರನ್ನ ನೋಡಬೇಕಿತ್ತು. ನಾನೂ ಇತಿಹಾಸದವನೇ ರೀ. ಎಷ್ಟು ಮಕ್ಕಳಿದ್ದಾರೆ?”

“ನಾ... ನಾಲ್ಕು ಸಾರ್” ಎಂದರು ಪ್ರಿನ್ಸಿಪಾಲರು.

“ನಾಲ್ಕಿರಲಿ, ಒಂದಿರಲಿ, ನಾನು ಇರೋವರೆಗೂ ಇತಿಹಾಸದ ಮೇಷ್ಟ್ರನ್ನ ಒಬ್ಬರೂ ಮುಟ್ಟೋ ಹಾಗಿಲ್ಲ. ಬಂದಮೇಲೆ ಅವರಿಗೆ ಹೇಳಿ, ನಿಶ್ಚಿಂತೆಯಾಗಿರಿ ಅಂತ.”

ಮೇಷ್ಟ್ರ ಕೈಯಲ್ಲಿದ್ದ ಬಿಸ್ಕತ್ತು ಚಹಾದಲ್ಲಿ ಮುಳುಗಿ ಕರಗಿಹೋಯಿತು. “ಹಾಗಾದ್ರೆ ಸಾರ್, ಹೆಚ್ಚುವರಿ ಅಂದ್ರೆ...”

“ಬೆಳಿಗ್ಗೆ ಫೋನಲ್ಲಿ ಹೇಳಿದ್ರಲ್ಲ? ಹೊಸ ನಿಯಮ. ಮಕ್ಕಳು ಎಷ್ಟೇ ಇರಲಿ, ಒಂದು ವಿಷಯಕ್ಕೆ ಒಬ್ಬರೇ ಮೇಷ್ಟ್ರು. ಎಲ್ಲೆಲ್ಲಿ ಇಬ್ಬರಿದ್ದಾರೋ ಅಲ್ಲಿ ಕಿರಿಯರನ್ನ ತೆಗೆದು, ಯಾರೂ ಇಲ್ಲದ ಕಡೆ ಹಾಕೋದು. ನಮ್ಮ ಹತ್ರ ಇರೋ ಮಾಹಿತಿ ಪ್ರಕಾರ ನಿಮ್ಮಲ್ಲಿ ಹಾಗೆ ಯಾರೂ ಇರಲಿಲ್ಲ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ. ನೋಡಿದ್ರೆ ಭೌತಶಾಸ್ತ್ರಕ್ಕೆ ಇಬ್ಬರು! ಕಿರಿಯರು ನೀವು, ಅದರಲ್ಲೂ ಇಂಥ ರತ್ನ!” ಅವರು ಪೆನ್ನಿನ ಮುಚ್ಚಳ ತೆಗೆದರು. “ಗಡಿ ಹತ್ರ ಒಂದು ಕಾಲೇಜಿದೆ. ಬಸ್ಸಿನಲ್ಲಿ ಒಂಬತ್ತು ಗಂಟೆ. ಮೂರು ವರ್ಷದಿಂದ ಭೌತಶಾಸ್ತ್ರಕ್ಕೆ ದಿಕ್ಕಿಲ್ಲ. ಇಡೀ ಪುಸ್ತಕ ನೀವು ಈ ಥರಾನೇ ಹೇಳಿದ್ರೆ ಆ ಮಕ್ಕಳ ಬಾಳು ಬೆಳಗತ್ತೆ. ನನ್ನ ಜೀವಮಾನದಲ್ಲಿ ನನಗೆ ಅರ್ಥವಾದ ಒಂದೇ ಒಂದು ಭೌತಶಾಸ್ತ್ರದ ಪಾಠ ಇವತ್ತಿಂದು.”

“ಸಾರ್, ನಿಜ ಹೇಳಬೇಕು ಅಂದ್ರೆ ನಾನು...”

ಮೇಷ್ಟ್ರ ಎಡಗಾಲಿನ ಮೇಲೆ ಪ್ರಿನ್ಸಿಪಾಲರ ಕಾಲು ಬಿತ್ತು, ಬಲಗಾಲಿನ ಮೇಲೆ ಹೆಡ್ ಗುಮಾಸ್ತರದು. ಗಣಿತದ ಮೇಡಂ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು.

“ಏನೋ ಹೇಳ್ತಿದ್ರಿ?”

ಮೇಷ್ಟ್ರು ಪ್ರಿನ್ಸಿಪಾಲರ ಮುಖ ನೋಡಿದರು, ಹೆಡ್ ಗುಮಾಸ್ತರ ಮುಖ ನೋಡಿದರು. ಹೇಳಿದರೆ ಮೂವರ ಕೆಲಸ ಹೋಗುತ್ತದೆ, ಅದರಲ್ಲಿ ಒಂದು ತಮ್ಮದೇ. ಹೇಳದಿದ್ದರೆ ಊರು ಹೋಗುತ್ತದೆ. “ಏನಿಲ್ಲ ಸಾರ್. ನಾನು ತುಂಬಾ ಋಣಿ ಅಂತ” ಎಂದರು.

“ಸೋಮವಾರವೇ ಸೇರ್ಕೊಳ್ಳಿ” ಎಂದು ಸಾಹೇಬರು ಅಲ್ಲೇ ಆದೇಶ ಬರೆದು ಸಹಿ ಹಾಕಿದರು. ಹೋಗುವಾಗ ಬೆನ್ನು ತಟ್ಟಿದರು.

ಸಂಜೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿದರು. ಮೊದಲ ಗಂಟೆಗೇ ಎತ್ತಿದಳು.

“ಏನಾಯ್ತು ರೀ? ಇತಿಹಾಸದ ಕೆಲಸ ಉಳೀತಾ?”

“ಉಳೀತು. ಇನ್ನು ಯಾರೂ ಮುಟ್ಟಲ್ಲ ಅಂದ್ರು ಸಾಹೇಬ್ರು.”

“ಅಬ್ಬಾ!” ಎಂದು ಅವಳು ಉಸಿರು ಬಿಟ್ಟಳು. “ಮತ್ಯಾಕೆ ನಿಮ್ಮ ದನಿ ಹಾಗಿದೆ?”

ಮೇಷ್ಟ್ರು ಎಲ್ಲ ಹೇಳಿದರು. ಗಡಿಯ ಕಾಲೇಜು, ಒಂಬತ್ತು ಗಂಟೆಯ ಬಸ್ಸು, ಸೋಮವಾರ. ಆ ತುದಿಯಲ್ಲಿ ಟ್ರಾಲಿಯೊಂದು ಉರುಳಿಹೋದ ಸದ್ದು ಕೇಳಿಸಿತು.

“ರೀ” ಎಂದಳು ಕೊನೆಗೆ, ಅಳುವೋ ನಗುವೋ ತಿಳಿಯದ ದನಿಯಲ್ಲಿ. “ಸ್ವಲ್ಪ ಕೆಟ್ಟದಾಗಿ ಪಾಠ ಮಾಡೋಕೆ ಆಗ್ತಿರಲಿಲ್ವಾ? ಅಷ್ಟು ಚೆನ್ನಾಗಿ ಮಾಡಿದ್ರಾ?”

“ಮಾಡಿಬಿಟ್ಟೆ ಕಣೇ” ಎಂದರು ಮೇಷ್ಟ್ರು.